ಆಪರೇಷನ್‌ಗೆ ಮುಂಚಿನ ಎರಡು ವಾರ: ಬರೀ ಗಂಜಿ ಸಾಲದು

ಪಾಂಡವಪುರದ ಕಡೆಯವರೊಬ್ಬರು ಮೈಸೂರಿನಲ್ಲಿ ನನ್ನ ಟೇಬಲ್ ಮುಂದೆ ಬಂದು ಕೂತರು. ಜಠರದ ಕ್ಯಾನ್ಸರ್. ಆಪರೇಷನ್‌ಗೆ ಹದಿನಾರು ದಿನ ಬಾಕಿ. ಏನು ತಿನ್ನುತ್ತಿದ್ದೀರಿ ಅಂತ ಕೇಳಿದೆ. ಅವರು ಸುಮ್ಮನೆ ಹೆಂಡತಿಯ ಮುಖ ನೋಡಿದರು.

"ಗಂಜಿ ಮೇಡಂ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಒಸಿ ಗಂಜಿ. ಹೊಟ್ಟೆಗೆ ಭಾರ ಆಗ್ಬಾರ್ದು ಅಂತ ತಿಳಿಯಾಗೇ ಮಾಡ್ತೀನಿ."

ಆಯಮ್ಮನ ಪ್ರೀತಿಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಗಂಜಿಯಲ್ಲಿ. ಒಂದು ಲೋಟ ಗಂಜಿಗೆ ಬೀಳುವುದು ಸುಮಾರು 25 ಗ್ರಾಂ ಅಕ್ಕಿ. ಅದರಲ್ಲಿ ಸಿಗುವುದು 90 ಕ್ಯಾಲರಿ, 2 ಗ್ರಾಂ ಪ್ರೋಟೀನ್. ದಿನಕ್ಕೆ ನಾಲ್ಕು ಲೋಟ ಕುಡಿದರೂ 8 ಗ್ರಾಂ. ಅವರಿಗೆ ಬೇಕಿದ್ದದ್ದು 60 ಗ್ರಾಂಗಿಂತ ಜಾಸ್ತಿ.

ನಾನು ಡಯಟಿಷಿಯನ್. ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಈ ಗಂಜಿ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಪರೇಷನ್ ಡೇಟ್ ಸಿಕ್ಕ ಮೇಲೆ ಮನೆಯವರೆಲ್ಲ ಕಾಯುತ್ತಾರೆ. ಕಾರ್ಡ್ ಅಪ್ರೂವಲ್, ರಕ್ತ ಹೊಂದಿಸುವುದು, ದುಡ್ಡು, ರಜೆ, ಎಲ್ಲದಕ್ಕೂ ಓಡಾಡುತ್ತಾರೆ. ಕಾಯಿಲೆಯವರ ತಟ್ಟೆ ಮಾತ್ರ ಅಲ್ಲೇ ಉಳಿಯುತ್ತೆ. ಆ ಎರಡು ವಾರದಲ್ಲಿ ಮನೆಯಲ್ಲಿ ಏನೇನು ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ. ಅನ್ನನಾಳ, ಜಠರ, ಮೇದೋಜೀರಕ ಗ್ರಂಥಿ, ಕರುಳು, ಈ ಯಾವುದರ ಕ್ಯಾನ್ಸರ್ ಆದರೂ ಬಹುಪಾಲು ಹೊಂದುತ್ತೆ. ಹೊಂದದ ಕಡೆ ಅಲ್ಲಲ್ಲೇ ಹೇಳುತ್ತೇನೆ.

1. ಇವತ್ತೇ ತೂಕ ನೋಡಿ

ಮನೆಯಲ್ಲಿ ತೂಕದ ಮಷಿನ್ ಇಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡಿ. ಮೆಡಿಕಲ್ ಶಾಪ್‌ನಲ್ಲೂ ಇರುತ್ತೆ. ಊರಿನ ಸೊಸೈಟಿಯ ಅಕ್ಕಿ ತೂಗುವ ಮಷಿನ್ ಮೇಲೆ ನಿಂತು ತೂಕ ಬರೆದುಕೊಂಡು ಬಂದವರೂ ಇದ್ದಾರೆ, ಅದೂ ನಡೆಯುತ್ತೆ. ಆದರೆ ಪ್ರತಿ ಸಲವೂ ಅದೇ ಮಷಿನ್, ವಾರಕ್ಕೆ ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ. ಗೋಡೆ ಕ್ಯಾಲೆಂಡರ್ ಮೇಲೇ ಬರೆದಿಡಿ.

ಆಮೇಲೆ ಆರು ತಿಂಗಳ ಹಿಂದಿನ ತೂಕ ನೆನಪು ಮಾಡಿಕೊಳ್ಳಿ. ಹಳೇ ಚೀಟಿ ಸಿಗಬಹುದು. ಸಿಗದಿದ್ದರೆ ಬಟ್ಟೆ ಹೇಳುತ್ತೆ. ಬೆಲ್ಟಿಗೆ ಎಷ್ಟು ಹೊಸ ತೂತು ಬಿದ್ದಿದೆ? ರವಿಕೆಗೆ ಎಷ್ಟು ಸಲ ಹೊಲಿಗೆ ಹಾಕಿದ್ದೀರಿ? ಬಳೆ ಮೊಣಕೈ ತನಕ ಜಾರುತ್ತಾ?

ಲೆಕ್ಕ ಸುಲಭ. ಮೊದಲು 60 ಕೆಜಿ ಇದ್ದವರು ಈಗ 52 ಆಗಿದ್ದರೆ ಇಳಿದದ್ದು 8 ಕೆಜಿ. ಅಂದರೆ ಶೇ. 13. ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್‌ನ ಮಾರ್ಗಸೂಚಿ ನಾಲ್ಕು ಗುರುತು ಹೇಳುತ್ತೆ. ಆರು ತಿಂಗಳಲ್ಲಿ ಶೇ. 10–15ಕ್ಕಿಂತ ಜಾಸ್ತಿ ತೂಕ ಇಳಿದಿರುವುದು, ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಬಿಎಂಐ 18.5ಕ್ಕಿಂತ ಕಡಿಮೆ ಇರುವುದು, ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಡೆಸಿಲೀಟರ್‌ಗೆ 3 ಗ್ರಾಂಗಿಂತ ಕೆಳಗೆ ಬಂದಿರುವುದು, ಆಸ್ಪತ್ರೆಯಲ್ಲಿ ಮಾಡುವ ಪೋಷಣೆ ತಪಾಸಣೆಯಲ್ಲಿ ಅಪಾಯದ ಅಂಕ ಬರುವುದು. ಇದರಲ್ಲಿ ಒಂದಿದ್ದರೂ 7ರಿಂದ 14 ದಿನ ಚೆನ್ನಾಗಿ ಪೋಷಣೆ ಕೊಟ್ಟು ಆಮೇಲೆ ದೊಡ್ಡ ಆಪರೇಷನ್ ಮಾಡಿ ಅನ್ನುತ್ತೆ ಆ ಮಾರ್ಗಸೂಚಿ. ಕ್ಯಾನ್ಸರ್ ಆಪರೇಷನ್ ಆದರೂ ಸರಿ, ಅದಕ್ಕಾಗಿ ಡೇಟ್ ಮುಂದೆ ಹೋದರೂ ಸರಿ. ಆದ್ದರಿಂದ ಸರ್ಜನ್ "ಎರಡು ವಾರ ಬಿಟ್ಟು ಮಾಡೋಣ, ಮೊದಲು ಮೈ ಹಿಡೀಲಿ" ಅಂದರೆ ಗಾಬರಿ ಬೇಡ. ಅವರು ನಿಮ್ಮನ್ನು ಸಾಗಹಾಕುತ್ತಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಕರುಳನ್ನು ಕತ್ತರಿಸಿ ಮತ್ತೆ ಜೋಡಿಸಿದ ಜಾಗ ಕೂಡಬೇಕು. ಅದು ಕೂಡುವುದು ದಾರದಿಂದಲ್ಲ, ಮೈಯಲ್ಲಿರುವ ಪ್ರೋಟೀನ್‌ನಿಂದ. ಸೊರಗಿದವರಲ್ಲಿ ಹೊಲಿಗೆ ಸೋರುವುದು, ಕೀವಾಗುವುದು, ಕಫ ಕಟ್ಟಿ ನ್ಯುಮೋನಿಯಾ ಆಗುವುದು ಜಾಸ್ತಿ.

ಒಂದು ಎಚ್ಚರಿಕೆ. ಕಾಲು ಊದಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತಕ್ಕಡಿ ಸುಳ್ಳು ಹೇಳುತ್ತೆ. ತೂಕ ಅಷ್ಟೇ ಇರುತ್ತೆ, ಒಳಗಿನ ಮಾಂಸ ಕರಗಿರುತ್ತೆ. ತೋಳು, ತೊಡೆ, ಕೆನ್ನೆ ನೋಡಿ.

2. ಬೇಕಾದ್ದೆಷ್ಟು ಅಂತ ಲೆಕ್ಕ ಹಾಕಿ

ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 52 ಕೆಜಿಯವರಿಗೆ ಸುಮಾರು 1300ರಿಂದ 1560 ಕ್ಯಾಲರಿ, 62ರಿಂದ 78 ಗ್ರಾಂ ಪ್ರೋಟೀನ್ ಆಯಿತು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಲೆಕ್ಕವನ್ನು ಡಾಕ್ಟರ್ ಹತ್ತಿರ ಕೇಳಿಯೇ ಮಾಡಬೇಕು.

ಕ್ಯಾಲರಿ ಲೆಕ್ಕ ಕಷ್ಟ ಅನ್ನಿಸಿದರೆ ಬಿಡಿ, ಪ್ರೋಟೀನ್ ಒಂದನ್ನು ಹಿಡಿದುಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಯಲ್ಲಿ, 6 ಗ್ರಾಂ. ಒಂದು ಹಿಡಿ ಬೇಳೆಯಲ್ಲಿ 6–7 ಗ್ರಾಂ. 50 ಗ್ರಾಂ ಪನ್ನೀರ್‌ನಲ್ಲಿ 9 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ. ನಂದಿನಿ ಹಾಲು, ಅಂಗಡಿ ಬೇಳೆ, ಮೊಟ್ಟೆ ಇಷ್ಟರಲ್ಲೇ ಬಹಳ ಮಂದಿಗೆ ಲೆಕ್ಕ ಮುಟ್ಟುತ್ತೆ.

3. ಬಸಿದ ನೀರು ಬೇರೆ, ಕಾಳು ಬೇರೆ

ನಮ್ಮ ಕಡೆಯ ಅಡುಗೆಯಲ್ಲಿ ಒಂದು ತಮಾಷೆ ಇದೆ. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಆ ನೀರಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ. ಕಾಯಿಲೆಯವರಿಗೆ "ಪಲ್ಯ ಗಟ್ಟಿ, ಅರಗಲ್ಲ" ಅಂತ ಬರೀ ಸಾರು ಬಡಿಸುತ್ತೇವೆ. ಪ್ರೋಟೀನ್ ಎಲ್ಲ ಪಲ್ಯದಲ್ಲಿ ಕೂತಿರುತ್ತೆ, ಮನೆಯಲ್ಲಿ ಗಟ್ಟಿಮುಟ್ಟಾಗಿ ಇರುವವರು ಅದನ್ನು ತಿನ್ನುತ್ತಾರೆ!

ಕಾಲು ಸೂಪಿನ ಕಥೆಯೂ ಇದೇ. ದುಡ್ಡು ಕೊಟ್ಟು ಕಾಲು ತಂದು, ಅರ್ಧ ದಿನ ಕುದಿಸಿ, ತಿಳಿ ಸೂಪು ಕುಡಿಸುತ್ತಾರೆ. ಬಾಯಿಗೆ ರುಚಿ, ಗಂಟಲಿಗೆ ಹಿತ, ಬೇಡ ಅನ್ನಲ್ಲ. ಆದರೆ ಮೈ ಕಟ್ಟುವ ಕೆಲಸ ಮಾಡುವುದು ಮಾಂಸ. ಕೈಮಾ ಮಾಡಿಸಿ ಮೆತ್ತಗೆ ಬೇಯಿಸಿ ಕೊಡಿ. ಕೋಳಿ ಆದರೆ ಮೂಳೆ ಬಿಡಿಸಿ, ಮಿಕ್ಸಿಯಲ್ಲಿ ಸೂಪಿನ ಜೊತೆಗೇ ತಿರುವಿಬಿಡಿ. ಮೀನು ಇನ್ನೂ ಸುಲಭ, ಮುಳ್ಳು ಮಾತ್ರ ನೋಡಿಕೊಳ್ಳಿ.

ಹಾಗಾಗಿ ಬಸಿಯುವ ಬದಲು ಮಸೆಯಿರಿ. ಮಸ್ಸೊಪ್ಪಿನ ಹಾಗೆ ಬೇಳೆಯನ್ನು ಪೂರ್ತಿ ಕಡೆದು ಸಾರಿಗೆ ಸೇರಿಸಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಹಳ ಒಳ್ಳೆಯದು, ಸಿಪ್ಪೆ ಇರುವುದಿಲ್ಲ, ಬೆಣ್ಣೆಯಂತೆ ಬೇಯುತ್ತೆ. ಹುರುಳಿಕಾಳು ಸತ್ವದ್ದೇ, ಆದರೆ ಗ್ಯಾಸ್ ಜಾಸ್ತಿ. ಹೊಟ್ಟೆ ಉಬ್ಬರಿಸುವವರಿಗೆ ಈಗ ಬೇಡ.

ಮುದ್ದೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಂಡ್ಯದವರಿಗೆ ಮುದ್ದೆ ಇಲ್ಲದ್ದು ಊಟವೇ ಅಲ್ಲವಲ್ಲ. ಅನ್ನನಾಳ ಕಿರಿದಾಗಿದ್ದರೆ ಮುದ್ದೆ ಸಿಕ್ಕಿಕೊಳ್ಳುತ್ತೆ. ಜಠರದ ಬಾಗಿಲ ಹತ್ತಿರ ಗಡ್ಡೆ ಇದ್ದರೆ ಕೆಳಗೆ ಇಳಿಯದೆ ರಾತ್ರಿ ವಾಂತಿ ಆಗುತ್ತೆ. ಅವರಿಗೆ ಮುದ್ದೆ ಬೇಡ, ರಾಗಿ ಬೇಕು. ಅದೇ ಹಿಟ್ಟನ್ನು ಹಾಲಿನಲ್ಲಿ ಅಂಬಲಿ ಮಾಡಿ. ನೀರಿನಲ್ಲಲ್ಲ, ಹಾಲಿನಲ್ಲಿ. ಮುದ್ದೆ ಸಲೀಸಾಗಿ ಇಳಿಯುವವರು ಚಿಕ್ಕದಾಗಿ ಕಟ್ಟಿ ತಿನ್ನಲಿ, ಏನೂ ತೊಂದರೆ ಇಲ್ಲ.

4. ಒಂದು ದಿನದ ಊಟ ಹೀಗಿರಬಹುದು

ಮೂರು ಹೊತ್ತಿನ ಲೆಕ್ಕ ಬಿಟ್ಟುಬಿಡಿ. ಎರಡು ಎರಡೂವರೆ ಗಂಟೆಗೆ ಒಂದು ಸಲ, ಸಣ್ಣ ತಟ್ಟೆಯಲ್ಲಿ. ದೊಡ್ಡ ತಟ್ಟೆ ತುಂಬ ಅನ್ನ ನೋಡಿದರೇ ಕೆಲವರಿಗೆ ವಾಕರಿಕೆ ಬರುತ್ತೆ.

ಬೆಳಿಗ್ಗೆ ಎದ್ದ ಮೇಲೆ ಹಾಲಿನ ರಾಗಿ ಅಂಬಲಿ. 200 ಮಿಲಿ ಹಾಲು, 20 ಗ್ರಾಂ ರಾಗಿ ಹಿಟ್ಟು, ಬೆಲ್ಲ, ಮೇಲೆ ಎರಡು ದೊಡ್ಡ ಚಮಚ ಹಾಲಿನ ಪುಡಿ. ಈ ಹಾಲಿನ ಪುಡಿ ನನ್ನ ಮೆಚ್ಚಿನ ಉಪಾಯ. ಪ್ರಮಾಣ ಹೆಚ್ಚಾಗಲ್ಲ, ರುಚಿ ಕೆಡಲ್ಲ, ಪ್ರೋಟೀನ್ ಮಾತ್ರ 7ರಿಂದ 12 ಗ್ರಾಂಗೆ ಏರುತ್ತೆ. ಒಂಬತ್ತಕ್ಕೆ ಎರಡು ಇಡ್ಲಿ, ಚಟ್ನಿ ಬದಲು ಗಟ್ಟಿ ತೊವ್ವೆ, ಒಂದು ಚಮಚ ತುಪ್ಪ. ಹನ್ನೊಂದಕ್ಕೆ ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಮಧ್ಯಾಹ್ನ ಮೆತ್ತಗಿನ ಅನ್ನ, ಕಡೆದ ಬೇಳೆ ಸಾರು, ತುಪ್ಪ, ಒಂದು ಬಟ್ಟಲು ಮೊಸರು. ನಾಲ್ಕಕ್ಕೆ ಹುರಿಗಡಲೆ ಹಿಟ್ಟು 30 ಗ್ರಾಂ, ಹಾಲಿನಲ್ಲಿ ಬೆಲ್ಲ ಹಾಕಿ ಕಲಸಿದ್ದು. ಸಂಜೆ ಪುಡಿ ಮಾಡಿದ ಪನ್ನೀರ್ 50 ಗ್ರಾಂ. ರಾತ್ರಿ ಹಾಲಿನಲ್ಲಿ ಬೇಯಿಸಿದ ಶಾವಿಗೆ.

ಇಷ್ಟೂ ಇಳಿದರೆ ಪ್ರೋಟೀನ್ ಹತ್ತಿರ ಹತ್ತಿರ 70 ಗ್ರಾಂ, ಕ್ಯಾಲರಿ 1700. ಬೇಕಂತಲೇ ಒಸಿ ಜಾಸ್ತಿ ಇಟ್ಟಿದ್ದೇನೆ. ತಟ್ಟೆಯಲ್ಲಿ ಉಳಿಯುವುದು ಇದ್ದೇ ಇರುತ್ತೆ ಅಲ್ವಾ?

ಊಟದ ಮುಂಚೆ ಲೋಟಗಟ್ಟಲೆ ನೀರು ಬೇಡ, ಹೊಟ್ಟೆ ಅದರಲ್ಲೇ ತುಂಬುತ್ತೆ. ವಾಸನೆಗೆ ವಾಕರಿಕೆ ಬಂದರೆ ತಣ್ಣಗಾದ ಮೇಲೆ ಕೊಡಿ, ಒಗ್ಗರಣೆ ಹಾಕುವಾಗ ಅವರನ್ನು ಜಗುಲಿಯಲ್ಲಿ ಕೂರಿಸಿ. ಬಾಯಿ ಕಹಿ ಅಂದರೆ ಸ್ವಲ್ಪ ನಿಂಬೆ ಹುಳಿ. ನಿದ್ದೆಯಿಂದ ಎಬ್ಬಿಸಿ ತಿನ್ನಿಸಬೇಡಿ, ಬೈದು ತಿನ್ನಿಸಬೇಡಿ. ಕ್ಯಾನ್ಸರ್ ಹಸಿವನ್ನೇ ಕೊಲ್ಲುತ್ತೆ, ಅವರು ಹಟ ಮಾಡುತ್ತಿಲ್ಲ.

ಇಷ್ಟು ಮಾಡಿಯೂ ಅರ್ಧ ಇಳಿಯುತ್ತಿಲ್ಲ ಅಂದರೆ ಆಸ್ಪತ್ರೆಯಲ್ಲಿ ಪೋಷಣೆಯ ಡಬ್ಬಿ ಪೌಡರ್ ಕೇಳಿ. ಆದರೆ ಜಾಹೀರಾತು ನೋಡಿ ತರಬೇಡಿ. ಶುಗರ್ ಇರುವವರಿಗೆ ಬೇರೆ, ಕಿಡ್ನಿಯವರಿಗೆ ಬೇರೆ. ಆರ್ಜಿನಿನ್, ಒಮೆಗಾ-3 ಸೇರಿಸಿದ ದುಬಾರಿ ಬಗೆಯೂ ಇದೆ. ಅದನ್ನು ಕೆಲವು ಸರ್ಜನ್‌ಗಳು ಆಪರೇಷನ್‌ಗೆ 5–7 ದಿನ ಮುಂಚೆ ಬರೆದುಕೊಡುತ್ತಾರೆ. ಬರೆದುಕೊಟ್ಟರೆ ತಗೊಳ್ಳಿ. ಸಾಲ ಮಾಡಿ ನೀವೇ ಹುಡುಕಿಕೊಂಡು ಹೋಗಬೇಡಿ.

5. ಗಡ್ಡೆ ಎಲ್ಲಿದೆ ಅನ್ನುವುದರ ಮೇಲೆ ಬದಲಾವಣೆ

ಅನ್ನನಾಳ: ಎಲ್ಲವನ್ನೂ ಮಿಕ್ಸಿಗೆ ಹಾಕಿ, ಗಟ್ಟಿ ಸೂಪಿನ ಹದ. ಎಂಜಲು ನುಂಗುವುದೂ ಕಷ್ಟವಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ.

ಮೇದೋಜೀರಕ ಗ್ರಂಥಿ: ಮಲ ಜಿಡ್ಡು ಜಿಡ್ಡಾಗಿ ತೇಲುತ್ತಿದ್ದರೆ ತಿಂದ ಕೊಬ್ಬು ಅರಗುತ್ತಿಲ್ಲ ಅಂತ ಅರ್ಥ. ತುಪ್ಪ ನಿಲ್ಲಿಸುವ ಮೊದಲು ಡಾಕ್ಟರಿಗೆ ಹೇಳಿ. ಎಂಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟದ ಮೊದಲ ತುತ್ತಿನ ಜೊತೆಗೇ ನುಂಗಬೇಕು, ಊಟ ಮುಗಿದ ಮೇಲಲ್ಲ.

ದೊಡ್ಡ ಕರುಳು: ಕರುಳು ಕಿರಿದಾಗಿದೆ ಅಂತ ಡಾಕ್ಟರ್ ಹೇಳಿದ್ದರೆ ನಾರು ಬೇಡ. ಸೊಪ್ಪು, ಸೀಬೆಹಣ್ಣು, ಇಡೀ ಕಾಳು ಬಿಟ್ಟು ಅನ್ನ, ಮೊಸರು, ಮೊಟ್ಟೆ, ಸಿಪ್ಪೆ ತೆಗೆದ ಬೇಳೆ. ಹೊಟ್ಟೆ ಉಬ್ಬಿ, ವಾಂತಿ ಆಗಿ, ಗಾಳಿಯೂ ಹೋಗುತ್ತಿಲ್ಲ ಅಂದರೆ ಅದು ಅಡುಗೆಮನೆಯ ಕೆಲಸ ಅಲ್ಲ. ಬಾಯಿಗೆ ಏನೂ ಕೊಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

6. ಮೂಗಿನ ಟ್ಯೂಬ್ ಅಂದರೆ ಕೊನೆಗಾಲ ಅಲ್ಲ

"ಟ್ಯೂಬ್ ಹಾಕ್ಬಿಟ್ರಾ? ಮುಗೀತು ಬಿಡು" ಅಂತ ವಾರ್ಡಿಗೆ ನೋಡಲು ಬಂದ ನೆಂಟರು ಹೇಳುವುದನ್ನು ನಾನೇ ಕೇಳಿದ್ದೇನೆ. ಹಾಗಲ್ಲ. ಬಾಯಿಂದ ಸಾಕಷ್ಟು ಹೋಗದಿದ್ದರೂ ಕರುಳು ಕೆಲಸ ಮಾಡುತ್ತಿದ್ದರೆ ಆ ಕರುಳಿಗೇ ಊಟ ಕೊಡುವುದು ಒಳ್ಳೆಯದು. ಮೂಗಿನಿಂದ ಜಠರಕ್ಕೆ, ಅಥವಾ ಗಡ್ಡೆ ದಾಟಿಸಿ ಸಣ್ಣ ಕರುಳಿಗೆ ಟ್ಯೂಬ್ ಬಿಡುತ್ತಾರೆ. ಕೆಲವರಿಗೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ನೇರವಾಗಿ ಕರುಳಿಗೆ ಹಾಕುತ್ತಾರೆ. ರಕ್ತನಾಳದಿಂದ ಪೋಷಣೆ ಕೊಡುವುದು ಇದ್ಯಾವುದೂ ಆಗದಿದ್ದಾಗ, ಅಥವಾ ಸಾಲದಿದ್ದಾಗ ಮಾತ್ರ.

ಟ್ಯೂಬ್ ಜೊತೆ ಮನೆಗೆ ಕಳಿಸಿದರೆ ತಲೆ ಕಡೆ ಎತ್ತರ ಇರಲಿ. ಊಟ ಕೊಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಒರಗಿ ಕೂತಿರಲಿ. ಪ್ರತಿ ಸಲ ಮುಗಿದ ಮೇಲೆ 30 ಮಿಲಿ ಕುಡಿಯುವ ನೀರು ಬಿಟ್ಟು ಟ್ಯೂಬ್ ತೊಳೆಯಿರಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತೆ. ಮನೆಯ ಅಡುಗೆ ಕೊಡುವುದಾದರೆ ನುಣ್ಣಗೆ ತಿರುವಿ ಬಟ್ಟೆಯಲ್ಲಿ ಸೋಸಿ. ಸಣ್ಣ ಕರುಳಿನ ಟ್ಯೂಬ್‌ಗೆ ಮನೆಯದ್ದು ಬೇಡ, ಆಸ್ಪತ್ರೆಯಲ್ಲಿ ಹೇಳಿದ ಪೌಡರ್ ಮಾತ್ರ, ನಿಧಾನಕ್ಕೆ.

ಇಲ್ಲೊಂದು ಅಪಾಯ ಇದೆ, ಗೊತ್ತಿರಲಿ. ಐದಾರು ದಿನಕ್ಕಿಂತ ಹೆಚ್ಚು ಏನೂ ತಿಂದಿಲ್ಲದವರಿಗೆ, ತೀರಾ ಸೊರಗಿದವರಿಗೆ ಒಂದೇ ಸಲ ಹೊಟ್ಟೆ ತುಂಬ ಕೊಡಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಷಿಯಂ ದಿಢೀರನೆ ಇಳಿದು ಹೃದಯಕ್ಕೇ ತೊಂದರೆ ಆಗಬಹುದು. ಅಂಥವರಿಗೆ ಮೊದಲು ಥಯಮಿನ್, ಅಂದರೆ ವಿಟಮಿನ್ ಬಿ1 ಕೊಟ್ಟು, ರಕ್ತ ಪರೀಕ್ಷೆ ನೋಡುತ್ತಾ, ದಿನಕ್ಕೆ ಇಷ್ಟಿಷ್ಟೇ ಏರಿಸಬೇಕು. ಅದು ಆಸ್ಪತ್ರೆಯಲ್ಲಿ ಆಗುವ ಕೆಲಸ. ಮೇಲಿನ ನನ್ನ ಊಟದ ಪಟ್ಟಿ ಅವರಿಗಲ್ಲ.

7. ಬಾಟಲಿ, ಎಳನೀರು, ನೆಂಟರ ಸಲಹೆ

"ಎರಡು ಬಾಟಲಿ ಗ್ಲೂಕೋಸ್ ಏರಿಸಿ ಡಾಕ್ಟ್ರೇ, ಸುಸ್ತು ಹೋಗ್ಲಿ." 500 ಮಿಲಿಯ ಶೇ. 5ರ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತೆ. ಸುಮಾರು 85 ಕ್ಯಾಲರಿ. ಎರಡು ಇಡ್ಲಿಯಷ್ಟೂ ಇಲ್ಲ! ಪ್ರೋಟೀನ್ ಸೊನ್ನೆ. ಆಲ್ಬುಮಿನ್ ಬಾಟಲಿಯೂ ಊಟ ಅಲ್ಲ. ಆಲ್ಬುಮಿನ್ ಕಡಿಮೆ ಆಗುವುದು ಬರೀ ತಿನ್ನದೆ ಅಲ್ಲ, ಒಳಗಿನ ಉರಿಯೂತದಿಂದಲೂ ಆಗುತ್ತೆ. ಬಾಟಲಿ ಏರಿಸಿ ಅಂಕಿ ಸರಿಮಾಡಿದರೆ ಮೈ ಸರಿಹೋಗಲ್ಲ.

ಮದ್ದೂರಿನ ಎಳನೀರು ಬಾಯಾರಿಕೆಗೆ ಚೆನ್ನ. ಆದರೆ ಅದರಲ್ಲಿ ಪ್ರೋಟೀನ್ ಇಲ್ಲದ ಹಾಗೇ. ನೋಡಲು ಬರುವ ಎಲ್ಲರೂ ಎಳನೀರು, ಸೇಬು, ಬಿಸ್ಕತ್ತು ತರುತ್ತಾರೆ. ಹತ್ತಿರದ ನೆಂಟರಾದರೆ ಬಾಯಿ ಬಿಟ್ಟು ಹೇಳಿ: ಮೊಟ್ಟೆ ತನ್ನಿ, ಪನ್ನೀರ್ ತನ್ನಿ. ನಾಚಿಕೆ ಏನು ಬಂತು.

ಸಕ್ಕರೆ, ಬೆಲ್ಲ ತಿಂದರೆ ಗಡ್ಡೆ ಬೆಳೆಯುತ್ತೆ ಅನ್ನುವ ಹೆದರಿಕೆ ಸಕ್ಕರೆ ನಾಡಿನಲ್ಲೂ ಬಂದುಬಿಟ್ಟಿದೆ. ಮನುಷ್ಯನನ್ನು ಉಪವಾಸ ಕೆಡವಿದರೆ ಗಡ್ಡೆ ಉಪವಾಸ ಬೀಳಲ್ಲ. ಅದು ಮೈಯ ಮಾಂಸ ಕರಗಿಸಿಯಾದರೂ ತನ್ನ ಪಾಲು ಎಳೆದುಕೊಳ್ಳುತ್ತೆ. ಡಯಾಬಿಟಿಸ್ ಇರುವವರ ಮಾತು ಬೇರೆ. ಅವರು ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳಲೇಬೇಕು, ಬೆಲ್ಲ ಬಿಟ್ಟು ಹಾಲು, ಬೇಳೆ, ಮೊಟ್ಟೆಯನ್ನು ಹೆಚ್ಚಿಸಬೇಕು.

ಶನಿವಾರದ ಒಪ್ಪತ್ತು, ಸೋಮವಾರದ ಉಪವಾಸ ಸದ್ಯಕ್ಕೆ ಬೇಡ. ನಾಟಿ ಔಷಧಿ, ಕಷಾಯ ಏನಾದರೂ ತಗೊಳ್ಳುತ್ತಿದ್ದರೆ ಬಚ್ಚಿಡಬೇಡಿ, ಅರಿವಳಿಕೆ ಡಾಕ್ಟರಿಗೆ ಹೇಳಿ. ಬೀಡಿ, ಸಿಗರೇಟು, ಹೆಂಡ ಇವತ್ತಿಗೇ ನಿಲ್ಲಬೇಕು. ದಿನಾ ಕುಡಿಯುವ ಅಭ್ಯಾಸ ಇದ್ದವರು ಮಾತ್ರ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಒಮ್ಮೆಗೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು.

ಊಟದ ಜೊತೆ ನಡಿಗೆಯೂ ಬೇಕು. ತಿಂದ ಪ್ರೋಟೀನ್ ಮಾಂಸ ಆಗಬೇಕಾದರೆ ಮೈ ಆಡಬೇಕು. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಆದಷ್ಟು ದೂರ, ಹಳ್ಳಿಯವರಾದರೆ ಮನೆಯಿಂದ ಗದ್ದೆ ಬದುವಿನ ತನಕ. ಸುಸ್ತಾದರೆ ಕೂತು ಏಳುವುದೇ ಹತ್ತು ಸಲ. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಟ್ಟಿದ್ದರೆ ಟಿವಿ ಮುಂದೆ ಇಟ್ಟುಕೊಳ್ಳಿ, ಅಡ್ವಟೈಸ್‌ಮೆಂಟ್ ಬಂದಾಗಲೆಲ್ಲ ಎಳೆಯಲಿ.

8. ಹಿಂದಿನ ರಾತ್ರಿ

"ರಾತ್ರಿಯಿಂದ ಏನೂ ತಿನ್ನಬೇಡಿ" ಅನ್ನುವ ಒಂದೇ ಮಾತು ಹಳೆಯದಾಯಿತು. ಗಟ್ಟಿ ಊಟ ಅರಿವಳಿಕೆಗೆ 6 ಗಂಟೆ ಮುಂಚಿನ ತನಕ, ತಿಳಿ ದ್ರವ 2 ಗಂಟೆ ಮುಂಚಿನ ತನಕ ಅನ್ನುವುದು ಈಗಿನ ಸಾಮಾನ್ಯ ನಿಯಮ. ತಿಳಿ ಅಂದರೆ ಆಚೆ ಬದಿ ಕಾಣುವಂಥದ್ದು: ನೀರು, ಸೋಸಿದ ಹಣ್ಣಿನ ರಸ, ಹಾಲು ಹಾಕದ ಟೀ. ಹಾಲು, ಹಾಲು ಹಾಕಿದ ಕಾಫಿ, ಮಜ್ಜಿಗೆ, ಗಂಜಿ ತಿಳಿ ದ್ರವ ಅಲ್ಲ. ಕೆಲವು ಕಡೆ ಹಿಂದಿನ ರಾತ್ರಿ 800 ಮಿಲಿ, ಬೆಳಿಗ್ಗೆ 2 ಗಂಟೆ ಮುಂಚೆ 400 ಮಿಲಿ ಕಾರ್ಬೋಹೈಡ್ರೇಟ್ ಪಾನೀಯ ಕೊಡುತ್ತಾರೆ. ಜಠರ ಖಾಲಿಯಾಗದೆ ವಾಂತಿ ಆಗುವವರಿಗೆ, ಕರುಳಿನಲ್ಲಿ ಅಡ್ಡಿ ಇರುವವರಿಗೆ ಈ ಯಾವ ನಿಯಮವೂ ಹೊಂದಲ್ಲ. ಶುಗರ್ ಇರುವವರಿಗೆ ಸಿಹಿ ಪಾನೀಯದ ಲೆಕ್ಕ ಬೇರೆ. ಇವರೆಲ್ಲ ಅರಿವಳಿಕೆ ಡಾಕ್ಟರ್ ಹೇಳಿದ ಸಮಯವನ್ನೇ ಪಾಲಿಸಬೇಕು.

ನಮ್ಮ ಸ್ವಂತ ಅತ್ತೆಯ ವಿಷಯದಲ್ಲೇ ನಾನು ಇದರಲ್ಲಿ ಎಡವಿದ್ದೆ. ಒಂದು ಆಸ್ಪತ್ರೆಯಲ್ಲಿ ರಾತ್ರಿ ಒಂಬತ್ತಕ್ಕೆ ಊಟ ನಿಲ್ಲಿಸಿದರು. ಮರುದಿನ ಸಂಜೆ ನಾಲ್ಕಕ್ಕೆ "ಇವತ್ತು ಆಗಲ್ಲ, ನಾಳೆ" ಅಂದರು. ಮರುದಿನವೂ ಅದೇ. ಎರಡು ದಿನದಲ್ಲಿ ಅತ್ತೆಯ ಹೊಟ್ಟೆಗೆ ಬಿದ್ದದ್ದು ಎರಡು ಇಡ್ಲಿ, ಒಂದು ಲೋಟ ಹಾಲು. ಎರಡು ವಾರ ಮೊಟ್ಟೆ ಮೊಟ್ಟೆಯಾಗಿ ಕೂಡಿಟ್ಟದ್ದು ಅಲ್ಲೇ ಕರಗುತ್ತಿತ್ತು. ನಾನು ಸುಮ್ಮನೆ ಕಾರಿಡಾರಿನಲ್ಲಿ ಕೂತಿದ್ದೆ, ಡಯಟಿಷಿಯನ್ ಆಗಿಯೂ.

ನೀವು ಹಾಗೆ ಕೂರಬೇಡಿ. ಬೆಳಿಗ್ಗೆಯೇ ಸಿಸ್ಟರನ್ನು ಕೇಳಿ: ಲಿಸ್ಟಿನಲ್ಲಿ ನಮ್ಮದು ಎಷ್ಟನೆಯದು? ನೀರು ಯಾವಾಗಿನ ತನಕ ಕೊಡಬಹುದು? ಮುಂದೆ ಹೋದರೆ ಹೇಳುತ್ತೀರಾ? ಮುಂದೆ ಹೋಯಿತು ಅಂದ ತಕ್ಷಣ, ಕೊಡಬಹುದಾ ಅಂತ ಕೇಳಿಕೊಂಡು, ಬ್ಯಾಗಿನಲ್ಲಿರುವ ಹುರಿಗಡಲೆ ಹಿಟ್ಟನ್ನು ಹಾಲಿಗೆ ಕಲಸಿ. ಆಪರೇಷನ್ ಆದ ಮೇಲೆ ಬಾಯಿಗೆ ಅಥವಾ ಟ್ಯೂಬಿಗೆ ಯಾವತ್ತಿನಿಂದ ಶುರು ಅನ್ನುವುದನ್ನೂ ಸರ್ಜನ್ ಹತ್ತಿರ ಅವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಆ ಪಾಂಡವಪುರದ ಆಯಮ್ಮ ಕ್ಯಾಲೆಂಡರ್ ಹಾಳೆಯನ್ನೇ ಕಿತ್ತುಕೊಂಡು ಆಸ್ಪತ್ರೆಗೆ ಬಂದಿದ್ದರು. ಹದಿನಾರು ದಿನದ ಊಟ, ಎರಡು ಸಲದ ತೂಕ, ಎಲ್ಲ ಅದರ ಮೇಲೇ ಇತ್ತು. ಗಂಜಿ ಅಂತ ಬರೆದ ಕಡೆಯೆಲ್ಲ ಪಕ್ಕದಲ್ಲಿ ಹಾಲಿನ ಪುಡಿ ಅಂತಲೂ ಬರೆದಿದ್ದರು.